ಬಾಳೆಯ ಬಂಧುಗಳು: ಗುರುತು, ಬೇಸಾಯ, ಬಳಕೆ

ಬಾಳೆಯನ್ನು ನಾವು ಮರವೆಂದು ಕರೆಯುವುದು ರೂಢಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೊಂದು ದೊಡ್ಡ ಮೂಲಿಕೆ. ಕಾಂಡವೆಂದು ನಾವು ಕೈಯಿಂದ ಮುಟ್ಟುವುದು ಒಂದರೊಳಗೊಂದು ಸುತ್ತಿಕೊಂಡು ಕಂಬದಂತೆ ನಿಂತ ಎಲೆಯ ಬುಡಗಳನ್ನು. ನಿಜವಾದ ಕಾಂಡ ನೆಲದೊಳಗಿರುವ ಗಡ್ಡೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಬಾಳೆಯ ಬಂಧುಬಳಗವನ್ನು ಗುರುತಿಸುವ ಕೆಲಸ ಬಹಳಷ್ಟು ಹಗುರಾಗುತ್ತದೆ. ಶುಂಠಿ, ಅರಿಶಿನ, ಏಲಕ್ಕಿ, ಕೂವೆಗಡ್ಡೆ, ಅಂಗಳದ ಕಾಬಾಳೆ, ಕಾಡಿನ ಕಲ್ಲುಬಾಳೆ, ಈಚೆಗೆ ಮನೆಮನೆಯ ಕುಂಡಗಳಿಗೆ ಬಂದಿರುವ ಇನ್ಸುಲಿನ್ ಗಿಡ ಇವೆಲ್ಲವೂ ಬಾಳೆಯೊಡನೆ ಒಂದೇ ಗಣಕ್ಕೆ ಸೇರಿದವು. ಎಂಟು ಕುಟುಂಬಗಳ ಈ ಗಣಕ್ಕೆ ವಿಜ್ಞಾನಿಗಳು ಶುಂಠಿಯ ಹೆಸರನ್ನೇ ಇಟ್ಟು ಜಿಂಜಿಬರೇಲೀಸ್ ಎಂದು ಕರೆದಿದ್ದಾರೆ. ನಮ್ಮ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಹೊಲ, ಹಿತ್ತಿಲು, ಕಾಡಂಚುಗಳಲ್ಲಿ ಈ ಬಳಗದ ಒಬ್ಬರಲ್ಲ ಒಬ್ಬರು ಕಣ್ಣಿಗೆ ಬೀಳದ ದಿನವಿಲ್ಲ.

ಈ ತಿಂಗಳ ಆರೋಗ್ಯ ವಿಭಾಗಕ್ಕೆ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಮೂತ್ರಪಿಂಡದ ಕಲ್ಲಿಗೆ ಕಲ್ಲುಬಾಳೆಯ ಬೀಜ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಗಿಡದ ಎಲೆ, ಮಗುವಿನ ಹೊಟ್ಟೆಗೆ ಕೂವೆ ಹಿಟ್ಟು ಎಂದು ಬಾಯಿಂದ ಬಾಯಿಗೆ ಸಲಹೆಗಳು ಹರಿಯುತ್ತಿವೆ. ಇವುಗಳಲ್ಲಿ ಕೆಲವಕ್ಕೆ ಹಳೆಯ ಅನುಭವದ ಬೆಂಬಲವುಂಟು, ಕೆಲವಕ್ಕೆ ಮಾತಿನ ಬಲ ಮಾತ್ರ. ಗಿಡ ಯಾವುದು, ತಿನ್ನುವ ಭಾಗ ಯಾವುದು, ಅದು ಬೆಳೆದ ನೆಲ ಎಂಥದು ಎಂಬುದನ್ನು ತಿಳಿಯದೆ ಬಾಯಿಗಿಟ್ಟರೆ ಆಹಾರವೇ ಅಪಾಯವಾದೀತು.

ಮೊದಲು ಗುರುತಿನ ಮಾತು. ಈ ಬಳಗದ ಎಲೆ ಹೊರಡುವಾಗ ಸುರುಳಿಯಾಗಿ ಹೊರಟು, ಆಮೇಲೆ ಬಿಚ್ಚಿಕೊಳ್ಳುತ್ತದೆ. ನಡುವೆ ಒಂದೇ ದಪ್ಪ ನರ. ಅದರಿಂದ ಅಂಚಿನವರೆಗೆ ಒತ್ತೊತ್ತಾಗಿ ಸಾಗುವ ಸಮಾನಾಂತರ ಸಣ್ಣ ನರಗಳು. ಗಾಳಿಗೆ ಬಾಳೆ ಎಲೆ ಸೀಳುವುದು ಈ ನರಗಳ ಗುಂಟವೇ. ಎಲೆಯ ಬುಡವು ಕವಚದಂತೆ ಗಿಡವನ್ನು ಸುತ್ತಿಕೊಂಡಿರುತ್ತದೆ. ಹೂವಿನ ಕೆಳಗೆ ದೋಣಿಯಾಕಾರದ, ಸಾಮಾನ್ಯವಾಗಿ ಬಣ್ಣದ ರಕ್ಷಾಪತ್ರಗಳಿರುತ್ತವೆ. ಬಾಳೆಮೋತೆಯ ಕೆನ್ನೇರಳೆ ಪದರಗಳೇ ಈ ರಕ್ಷಾಪತ್ರಗಳು.

ಆದರೆ ಎಲೆಯೊಂದನ್ನೇ ನಂಬುವಂತಿಲ್ಲ. ಮನೆಯ ಮುಂದೆ ಅಲಂಕಾರಕ್ಕೆಂದು ಇಡುವ, ಬಿಳಿ ಮಚ್ಚೆಯ ಅಗಲ ಎಲೆಯ ಡೈಫೆನ್‌ಬೇಕಿಯಾ ಗಿಡದ ಎಲೆಯೂ ಸುರುಳಿಯಾಗಿಯೇ ಹೊರಡುತ್ತದೆ, ನರಗಳೂ ಮೇಲುನೋಟಕ್ಕೆ ಹಾಗೆಯೇ ಕಾಣುತ್ತವೆ. ಅದು ಬಾಳೆಯ ಬಂಧುವಲ್ಲ, ಕೆಸುವಿನ ಬಂಧು. ಅದರ ಕಾಂಡದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು, ಜಗಿದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು. ಕೆಸುವಿನ ಜಾತಿಯವೆಲ್ಲ ಹೂ ಬಿಟ್ಟಾಗ ತಾವೇ ಗುರುತು ಹೇಳುತ್ತವೆ: ಒಂದು ಹಾಳೆ, ಅದರ ನಡುವೆ ಒನಕೆಯಂತೆ ನಿಂತ ಒಂದು ದಿಂಡು.

ಇದಕ್ಕಿಂತ ಘೋರವಾದುದು ಗೌರಿ ಹೂವು, ಅಂದರೆ ಅಗ್ನಿಶಿಖೆ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಈ ಬಳ್ಳಿಯ ಗಡ್ಡೆಯನ್ನು ತಿನ್ನುವ ಗೆಡ್ಡೆಯೆಂದು ತಿಳಿದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರುಂಟು. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಬಾಳೆಯ ಬಳಗಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲೆಯ ತುದಿ ಬಳ್ಳಿಯ ಕುಡಿಯಂತೆ ಸುರುಳಿಗೊಂಡು ಪಕ್ಕದ ಗಿಡವನ್ನು ಹಿಡಿದುಕೊಳ್ಳುವುದು ಅದರ ತಪ್ಪದ ಗುರುತು. ಆದ್ದರಿಂದ ಎಲೆ, ಹೂ ಒಣಗಿಹೋದ ಕಾಲದಲ್ಲಿ, ಬೇಲಿಯ ಬುಡದಲ್ಲಿ ಸಿಕ್ಕಿದ ಗಡ್ಡೆಯನ್ನು ಅಡುಗೆಮನೆಗೆ ತರಬಾರದು. ತಾನೇ ನೆಟ್ಟು, ಎಲೆ ಹೂಗಳನ್ನು ಕಣ್ಣಾರೆ ಕಂಡ ಗಡ್ಡೆಯಷ್ಟೇ ನಂಬಿಕೆಗೆ ಅರ್ಹ.

ತೋಟದ ಬಾಳೆ

ನಾವು ತಿನ್ನುವ ಬಾಳೆಗಳೆಲ್ಲ ಎರಡು ಕಾಡುಬಾಳೆಗಳ ಸಂತಾನ. ಒಂದು ಮ್ಯೂಸಾ ಅಕ್ಯುಮಿನೇಟಾ, ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನಾ. ಇವೆರಡರ ಹಣ್ಣಿನಲ್ಲಿಯೂ ತಿರುಳಿಗಿಂತ ಬೀಜವೇ ಹೆಚ್ಚು. ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 1955ರಲ್ಲಿ ಯಾವ ತಳಿಯಲ್ಲಿ ಯಾವ ಕಾಡುಬಾಳೆಯ ಪಾಲು ಎಷ್ಟು ಎಂಬುದನ್ನು ಗುರುತಿಸುವ ಕ್ರಮವೊಂದನ್ನು ಕೊಟ್ಟರು. ಅದರಂತೆ ನಮ್ಮ ಏಲಕ್ಕಿ ಬಾಳೆಯಲ್ಲಿ ಎರಡರದೂ ಒಂದೊಂದು ಪಾಲು. ಪಚ್ಚಬಾಳೆಯಲ್ಲಿ ಮೂರೂ ಪಾಲು ಅಕ್ಯುಮಿನೇಟಾದ್ದು. ರಸಬಾಳೆ, ನೇಂದ್ರಗಳಲ್ಲಿ ಎರಡು ಪಾಲು ಅದರದು, ಒಂದು ಪಾಲು ಬಾಲ್ಬಿಸಿಯಾನಾದ್ದು. ತಮಿಳುನಾಡಿನಲ್ಲಿ ಪೂವನ್ ಎನಿಸಿಕೊಳ್ಳುವ ತಳಿಯ ಗುಂಪಿಗೆ ಜಗತ್ತಿನ ಬಾಳೆ ಶಾಸ್ತ್ರಜ್ಞರು ಇಟ್ಟ ಹೆಸರು ‘ಮೈಸೂರು’ ಎಂಬುದನ್ನು ಕೇಳಿ ನಮ್ಮ ಓದುಗರು ಸಂತೋಷಪಡಬಹುದು.

ಮೂರು ಪಾಲಿನ ತಳಿಗಳಲ್ಲಿ ಬೀಜ ಕಟ್ಟುವುದಿಲ್ಲ. ಅದರಿಂದ ತಿನ್ನಲು ಸುಖ. ಆದರೆ ಸಂತಾನ ಮುಂದುವರಿಯಬೇಕಾದರೆ ಕಂದನ್ನೇ ಕಿತ್ತು ನೆಡಬೇಕು. ಕಂದು ಎಂದರೆ ತಾಯಿಯ ಯಥಾಪ್ರತಿ. ತಾಯಿಗೆ ತಗುಲುವ ರೋಗ ಊರಿನ ಎಲ್ಲ ತೋಟಗಳಿಗೂ ತಗುಲುತ್ತದೆ. ನಂಜನಗೂಡು ರಸಬಾಳೆಯ ಕಥೆ ಇದೇ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣು ಪನಾಮಾ ಸೊರಗು ರೋಗಕ್ಕೆ ತುತ್ತಾಗಿ, ತನ್ನ ಹೆಸರಿನ ಊರಿನ ಸುತ್ತಲೇ ಅಪರೂಪವಾಯಿತು. ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲುದು. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಕಂಬದ ಸುತ್ತ ಲಂಗದಂತೆ ಜೋತುಬಿದ್ದರೆ, ಕಂಬದ ಬುಡ ಸೀಳಿದ್ದರೆ, ಕತ್ತರಿಸಿದಾಗ ಒಳಗೆ ಕೆಂಗಂದು ಗೀರುಗಳು ಕಂಡರೆ ಆ ತೋಟದಿಂದ ಒಂದು ಕಂದನ್ನೂ ತರಬಾರದು; ಪುಕ್ಕಟೆ ಕೊಟ್ಟರೂ ತರಬಾರದು.

ಕಂದನ್ನು ಆರಿಸುವಾಗ ಕತ್ತಿ ಕಂದನ್ನೇ ಆರಿಸಬೇಕು. ಅದರ ಎಲೆ ಕತ್ತಿಯಂತೆ ಕಿರಿದು, ಬುಡ ದಪ್ಪ. ಅಗಲ ಎಲೆ ಬಿಟ್ಟು ಚಂದವಾಗಿ ಕಾಣುವ ನೀರು ಕಂದಿಗೆ ಗಡ್ಡೆಯ ಬಲ ಕಡಿಮೆ. ಬೇರುಗಳನ್ನು ಸವರಿ, ಗಡ್ಡೆ ಒಳಗೆ ಬೆಳ್ಳಗಿದೆಯೇ ಎಂದು ನೋಡಿ, ಒಂದೂವರೆ ಅಡಿ ಗುಂಡಿಯಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ ನೆಡುವುದು. ಏಲಕ್ಕಿ ಬಾಳೆಗೆ ಗಿಡದಿಂದ ಗಿಡಕ್ಕೆ ಆರು ಅಡಿ ಅಂತರ ಸಾಕು. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿಗಳು ದೊರೆತರೆ ಇನ್ನೂ ಒಳ್ಳೆಯದು.

ಬಾಳೆಯ ಹಣ್ಣಿನ ಗುಣವನ್ನು ಇಲ್ಲಿ ವಿಸ್ತರಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ ಇನ್ನೊಂದು ಮುಖವಿದೆ: ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಆರೋಗ್ಯವಂತರಿಗೆ ಇದು ಹಿತ. ಮೂತ್ರಪಿಂಡ ವೈಫಲ್ಯವಿದ್ದು ಡಯಾಲಿಸಿಸ್‌ ಮಾಡಿಸಿಕೊಳ್ಳುತ್ತಿರುವವರ ದೇಹದಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಥವರು ಪ್ರಸಾದವೆಂದು ಕೊಟ್ಟ ಹಣ್ಣನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಟ್ಟರೆ ಭಕ್ತಿಗೇನೂ ಕೊರತೆಯಾಗುವುದಿಲ್ಲ.

ದಿಂಡು ಮತ್ತು ಮೋತೆಗಳನ್ನು ನಮ್ಮ ಊರುಗಳಲ್ಲಿ ದನಕ್ಕೆ ಹಾಕುವುದೇ ಹೆಚ್ಚಾಗಿದೆ. ಗೊನೆ ಕಡಿದ ಮೇಲೆ ಕಂಬದ ಹೊರಪದರಗಳನ್ನು ಬಿಚ್ಚುತ್ತಾ ಹೋದರೆ ನಡುವೆ ಬೆಳ್ಳಗಿನ ದಿಂಡು ಸಿಗುತ್ತದೆ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತಾ ಎಳೆದು ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಮಜ್ಜಿಗೆ ಬೆರೆಸಿದ ನೀರಿನಲ್ಲಿ ಹಾಕಿದರೆ ಕಪ್ಪಾಗದು. ಹೆಸರುಬೇಳೆಯೊಡನೆ ಕೋಸಂಬರಿಗೂ ಪಲ್ಯಕ್ಕೂ ಅದು ಒಳ್ಳೆಯದು. ಮೋತೆಯಲ್ಲಿ ಪ್ರತಿ ಎಸಳುಹೂವಿನ ನಡುವಿನ ಗಟ್ಟಿ ಕಡ್ಡಿಯನ್ನೂ ಅದರ ಬುಡದ ಪಾರದರ್ಶಕ ಪೊರೆಯನ್ನೂ ತೆಗೆದುಹಾಕಬೇಕು. ಅವು ಬೇಯುವುದೇ ಇಲ್ಲ. ಬೇಸರದ ಕೆಲಸವೆಂಬುದು ನಿಜ. ಮನೆಮಂದಿಯೆಲ್ಲ ಕುಳಿತು ಮಾಡುವ ಕೆಲಸವದು.

ಕಲ್ಲುಬಾಳೆ

ಬಳಗದಲ್ಲಿ ಅತ್ಯಂತ ವಿಚಿತ್ರವಾದದ್ದು, ನಮ್ಮ ಕಾಳಜಿಗೆ ಅತ್ಯಂತ ಅರ್ಹವಾದದ್ದು ಕಲ್ಲುಬಾಳೆ. ಪಶ್ಚಿಮ ಘಟ್ಟದ ಬಂಡೆಗಳ ಸಂದಿನಲ್ಲಿ, ಕಡಿದಾದ ಇಳಿಜಾರುಗಳಲ್ಲಿ ಇದು ಬೆಳೆಯುತ್ತದೆ. ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಮೊದಲು ಬಾಳೆಯ ಕುಲಕ್ಕೇ ಸೇರಿಸಿ ಮ್ಯೂಸಾ ಸುಪರ್ಬಾ ಎಂದು ಹೆಸರಿಸಿದ್ದ. 1940ರ ದಶಕದ ಕೊನೆಯಲ್ಲಿ ಚೀಸ್‌ಮನ್ ಎಂಬಾತ ಇದನ್ನೂ ಇದರ ಆಫ್ರಿಕದ ಸೋದರರನ್ನೂ ಬೇರ್ಪಡಿಸಿ ಎನ್ಸೀಟ್ ಎಂಬ ಕುಲಕ್ಕೆ ಸೇರಿಸಿದ. ಬಾಳೆಯ ಮೂಲ ವರ್ಣತಂತು ಸಂಖ್ಯೆ 11, ಇದರದು 9.

ಕಣ್ಣಿಗೆ ಕಾಣುವ ವ್ಯತ್ಯಾಸಗಳು ಸ್ಪಷ್ಟ. ಕಲ್ಲುಬಾಳೆಯ ಕಂಬದ ಬುಡ ಕೊಡದಂತೆ ಉಬ್ಬಿರುತ್ತದೆ. ಎಲೆಗಳಿಗೆ ತೊಟ್ಟು ಬಹಳ ಗಿಡ್ಡ. ಅವು ಕಂಬದ ತಲೆಯಿಂದ ಹೂವಿನ ಎಸಳುಗಳಂತೆ ಸುತ್ತಲೂ ಹರಡುತ್ತವೆ. ಗೊನೆಯ ರಕ್ಷಾಪತ್ರಗಳು ಬಾಳೆಮೋತೆಯಂತೆ ಒಂದೊಂದಾಗಿ ಉದುರದೆ ಬಹುಕಾಲ ಅಂಟಿಕೊಂಡೇ ಇರುತ್ತವೆ. ಹಣ್ಣಿನಲ್ಲಿ ಸ್ವಲ್ಪ ತಿರುಳು. ಉಳಿದುದೆಲ್ಲ ಸುಮಾರು ಒಂದು ಸೆಂಟಿಮೀಟರ್ ಗಾತ್ರದ, ಕಲ್ಲಿನಂತೆ ಗಟ್ಟಿಯಾದ ಕಪ್ಪುಗಂದು ಬೀಜಗಳು. ಬೇಸಗೆ ಬಂದಂತೆ ಎಲೆಗಳೆಲ್ಲ ಒಣಗಿ, ಉಬ್ಬಿದ ಬುಡವಷ್ಟೇ ಉಳಿದು, ಗಿಡ ಸತ್ತಿತೇನೋ ಎಂಬಂತೆ ಕಾಣುತ್ತದೆ. ಮುಂಗಾರಿನ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಬುಡದಲ್ಲಿದೆ. ಕಲ್ಲುಬಾಳೆಗೆ ಕಂದುಗಳಿಲ್ಲ. ಹಲವು ವರ್ಷ ಬೆಳೆದು, ಜೀವಮಾನದಲ್ಲಿ ಒಂದೇ ಒಂದು ಗೊನೆ ಹಾಕಿ, ಗಿಡ ಸಾಯುತ್ತದೆ. ತೋಟದ ಬಾಳೆಯೂ ಗೊನೆ ಹಾಕಿದ ಮೇಲೆ ಸಾಯುವುದಾದರೂ ಅದರ ಮಗ್ಗುಲಲ್ಲಿ ನಾಲ್ಕು ಮರಿಗಳು ನಿಂತಿರುತ್ತವೆ. ಕಲ್ಲುಬಾಳೆಗೆ ಉಳಿಯುವುದು ಆ ಗೊನೆಯೊಳಗಿನ ಬೀಜ ಮಾತ್ರ. ಹೂ ಬಿಡುವ ಮೊದಲು ದಿಂಡಿಗಾಗಿ ಕಡಿದರೆ ಒಂದು ಸಂತಾನವೇ ಹೋಯಿತು. ಗೊನೆಯನ್ನು ಪೂರ್ತಿ ಬೀಜಕ್ಕಾಗಿ ಕೊಯ್ದರೂ ಅದೇ ಫಲ. ಹಿಂದೆ ಕಾಡಿನ ಜನ ಎಳೆಯ ದಿಂಡನ್ನೂ ಹೂವನ್ನೂ ಎಳೆಗಾಯಿಯನ್ನೂ ಬೇಯಿಸಿ ಉಣ್ಣುತ್ತಿದ್ದರು, ಆದರೆ ಅದು ಹಸಿವಿಗಾಗಿ, ತಮ್ಮ ಮನೆಯ ಅಡುಗೆಗಾಗಿ. ಇಂದು ಪೇಟೆಯ ಗ್ರಂಧಿಗೆ ಅಂಗಡಿಗೂ ಊರೂರಿನ ಔಷಧಿ ಮಾರುವವರಿಗೂ ಬೀಜ ಬೇಕಾದಾಗ ಲೆಕ್ಕ ಬೇರೆಯಾಗುತ್ತದೆ.

ಬೀಜದ ಪುಡಿಯನ್ನು ಮೂತ್ರಕೋಶದ ಕಲ್ಲಿಗೂ ಉರಿಮೂತ್ರಕ್ಕೂ ಸಕ್ಕರೆ ಕಾಯಿಲೆಗೂ ಕೊಡುವ ರೂಢಿ ಘಟ್ಟದ ಸೀಮೆಯಲ್ಲಿ ಹಳೆಯದು. ಆ ರೂಢಿಯನ್ನು ನಾವು ಹಳಿಯುವುದಿಲ್ಲ. ಆದರೆ ಎಷ್ಟು ಪ್ರಮಾಣ, ಎಷ್ಟು ದಿನ, ಯಾರಿಗೆ ಎಂಬುದು ಮನುಷ್ಯರ ಮೇಲಿನ ಪರೀಕ್ಷೆಯಿಂದ ಖಚಿತವಾದ ಔಷಧಿ ಅದಲ್ಲ. ಸಣ್ಣ ಕಲ್ಲುಗಳು ನೀರು ಚೆನ್ನಾಗಿ ಕುಡಿದರೆ ಎಷ್ಟೋ ಬಾರಿ ತಾವೇ ಹೊರಬೀಳುತ್ತವೆ. ಆಗ ಕೀರ್ತಿ ಅಂದು ಸೇವಿಸಿದ ಪುಡಿಗೆ ಸಲ್ಲುತ್ತದೆ. ದೊಡ್ಡ ಕಲ್ಲು ಮೂತ್ರನಾಳಕ್ಕೆ ಅಡ್ಡ ನಿಂತು, ಮೇಲೆ ಸೋಂಕೂ ಸೇರಿದರೆ, ಪುಡಿಯನ್ನು ನಂಬಿ ಕಳೆದ ದಿನಗಳು ಒಂದು ಮೂತ್ರಪಿಂಡದ ಬೆಲೆಯಾಗಬಹುದು. ಪಕ್ಕೆ ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾಳೆದಿಂಡಿನ ರಸದ ಬಗೆಗೂ ಇದೇ ಮಾತು: ಅಡುಗೆಯಾಗಿ ಅದು ಹಿತ, ಚಿಕಿತ್ಸೆಗೆ ಬದಲಿಯಲ್ಲ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಅಂಚಿನ ಕಾಡು ನಾಗರಹೊಳೆಯದು. ಅದು ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿಂದ ಗಿಡ ಕೀಳುವುದು ಅಪರಾಧ. ಕಾಡನ್ನೇ ಮನೆಯಾಗಿಸಿಕೊಂಡ ಜೇನುಕುರುಬ, ಬೆಟ್ಟಕುರುಬ ಮುಂತಾದವರ ಹಕ್ಕಿನ ಮಾತು ಬೇರೆ, ಅದನ್ನು 2006ರ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಂಥ ಹೊರಗಿನವರಿಗೆ ಕಲ್ಲುಬಾಳೆ ಬೇಕಾದರೆ ಬೆಳೆದ ಮನೆಯಿಂದಲೋ ಸಸ್ಯಪಾಲನಾ ಕ್ಷೇತ್ರದಿಂದಲೋ ನಾಲ್ಕು ಬೀಜ ತಂದು ಬಿತ್ತುವುದೇ ನ್ಯಾಯದ ದಾರಿ.

ಬಿತ್ತುವವರಿಗೆ ತಾಳ್ಮೆ ಬೇಕು. ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ಒಂದು ಪಕ್ಕವನ್ನು ಮೆಲ್ಲಗೆ ಉಜ್ಜಿ, ಒಂದೆರಡು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮರಳು ಮತ್ತು ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ ಊರಬೇಕು. ಮೊಳೆಯಲು ವಾರಗಳಾದರೂ ಆದೀತು, ತಿಂಗಳುಗಳಾದರೂ ಆದೀತು, ಎಲ್ಲವೂ ಮೊಳೆಯುವುದಿಲ್ಲ. ನೀರು ನಿಲ್ಲುವ ಜಾಗ ಇದಕ್ಕೆ ಸಲ್ಲದು, ಬುಡ ಕೊಳೆಯುತ್ತದೆ. ಬೇಸಗೆಯಲ್ಲಿ ಎಲೆ ಒಣಗಿದಾಗ ಕಂಗೆಟ್ಟು ನೀರು ಸುರಿಯಬಾರದು.

ಇದರ ಆಫ್ರಿಕದ ಸೋದರನ ಮಾತನ್ನೂ ಇಲ್ಲಿ ಹೇಳಬೇಕು. ಇಥಿಯೋಪಿಯದ ದಕ್ಷಿಣದ ಬೆಟ್ಟಸೀಮೆಯಲ್ಲಿ ಸುಮಾರು 2 ಕೋಟಿ ಜನರಿಗೆ ಎನ್ಸೀಟ್ ಅನ್ನವಿದ್ದಂತೆ. ಅವರು ಹಣ್ಣನ್ನು ತಿನ್ನುವುದಿಲ್ಲ. ಕಂಬದ ಪದರಗಳನ್ನೂ ಗಡ್ಡೆಯನ್ನೂ ಕೆರೆದು, ಎಲೆ ಹಾಸಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಆ ಹಿಟ್ಟಿನಿಂದ ಕೊಚೊ ಎಂಬ ರೊಟ್ಟಿ ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಧಾನ್ಯ ಒಣಗಿದರೂ ಇದು ನಿಂತಿರುತ್ತದೆ. ಅಲ್ಲಿ ಅದು ಕಾಡಿನಿಂದ ಕಿತ್ತು ತಂದ ಗಿಡವಲ್ಲ. ಮನೆಯ ಹಿತ್ತಿಲಲ್ಲಿ ತಲೆಮಾರುಗಳಿಂದ ನೆಟ್ಟು ಬೆಳೆಸಿದ್ದು.

ಕುಂಡದಲ್ಲಿ ಬಂದ ಬಂಧು

ಇನ್ಸುಲಿನ್ ಗಿಡದ ಹುಟ್ಟೂರು ಬ್ರೆಜಿಲ್. ಎಲೆಗಳು ಕಾಂಡದ ಸುತ್ತ ಮೆಟ್ಟಿಲಿನಂತೆ ಸುತ್ತಿಕೊಂಡು ಏರುತ್ತವೆ, ಹೂ ಕಿತ್ತಳೆ ಬಣ್ಣದ್ದು, ಎಲೆಯ ರುಚಿ ಹುಳಿ. ಹೆಸರು ದೊಡ್ಡದಾದರೂ ಅದರಲ್ಲಿ ಇನ್ಸುಲಿನ್ ಎಂಬ ವಸ್ತುವಿಲ್ಲ. ಎಲೆಗೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವಿರಬಹುದೆಂದು ತೋರಿಸಿದ ಪರೀಕ್ಷೆಗಳು ಹೆಚ್ಚಾಗಿ ಇಲಿಗಳ ಮೇಲೆ ನಡೆದವು. ಆದ್ದರಿಂದ ಎರಡು ಬಗೆಯ ಕೇಡು ಸಾಧ್ಯ. ಎಲೆಯನ್ನು ನಂಬಿ ಮಾತ್ರೆ, ಚುಚ್ಚುಮದ್ದು ಬಿಟ್ಟವರಲ್ಲಿ ಸಕ್ಕರೆ ಏರಿ ಕಣ್ಣು, ಕಾಲು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ಮಾತ್ರೆಯನ್ನೂ ಎಲೆಯನ್ನೂ ಒಟ್ಟಿಗೆ ಸೇವಿಸುವವರಲ್ಲಿ ಕೆಲವೊಮ್ಮೆ ಸಕ್ಕರೆ ಹಠಾತ್ತನೆ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು. ಎಲೆ ತಿನ್ನುವವರು ತಮ್ಮ ವೈದ್ಯರಿಗೆ ಅದನ್ನು ಮುಚ್ಚಿಡಬಾರದು. ಮೂರು ತಿಂಗಳ ಸರಾಸರಿ ತೋರಿಸುವ ಸಕ್ಕರೆ ಪರೀಕ್ಷೆಯನ್ನು ಮಾಡಿಸುತ್ತಿರಬೇಕು.

ಅಂಗಳದ ಕಾಬಾಳೆಯನ್ನು ತಿನ್ನಬಹುದೆಂದರೆ ಹಲವರಿಗೆ ಆಶ್ಚರ್ಯವಾದೀತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಇದರ ಗಡ್ಡೆಯನ್ನು ಸಾವಿರಾರು ವರ್ಷಗಳಿಂದ ಸುಟ್ಟು, ಬೇಯಿಸಿ ತಿನ್ನುತ್ತಾ ಬಂದಿದ್ದಾರೆ. ವಿಯೆಟ್ನಾಮಿನಲ್ಲಿ ಇದರ ಹಿಟ್ಟಿನಿಂದ ಶಾವಿಗೆ ಒತ್ತುತ್ತಾರೆ. ಆಹಾರದ ಕಾಬಾಳೆ ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ, ಹೂ ಸಣ್ಣದು, ಕೆಂಪು, ಗಡ್ಡೆ ದೊಡ್ಡದು. ಉದ್ಯಾನದ ದೊಡ್ಡ ಹೂವಿನ ಮಿಶ್ರತಳಿಗಳ ಗಡ್ಡೆಯಲ್ಲಿ ನಾರೇ ಹೆಚ್ಚು, ಶ್ರಮಕ್ಕೆ ತಕ್ಕ ಫಲವಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮಲ್ಲಿ ಕಾಬಾಳೆಯನ್ನು ನೆಡುವುದು ಹೆಚ್ಚಾಗಿ ಬಚ್ಚಲ ನೀರು ಹರಿಯುವಲ್ಲಿ, ಚರಂಡಿಯ ಬದಿಯಲ್ಲಿ. ಕೊಳಚೆ ನೀರನ್ನು ಶುದ್ಧಮಾಡಲು ಇದೇ ಗಿಡವನ್ನು ಹಲವೆಡೆ ಬಳಸುತ್ತಾರೆ, ಏಕೆಂದರೆ ಅದು ನೀರಿನ ಕಲ್ಮಷವನ್ನೂ ಭಾರಲೋಹಗಳನ್ನೂ ಹೀರಿಕೊಳ್ಳುತ್ತದೆ. ಹಾಗೆ ಬೆಳೆದ ಗಡ್ಡೆ ಅಡುಗೆಗೆ ಸಲ್ಲದು. ತಿನ್ನಬೇಕೆಂದರೆ ಶುದ್ಧ ಮಣ್ಣಿನಲ್ಲಿ ಬೇರೆಯಾಗಿ ನೆಡಬೇಕು.

ಶುಂಠಿ ಬಳಗದ ಬಗೆಗೆ ಎರಡೇ ಮಾತು. ಹಸಿ ಮಾವಿನಕಾಯಿಯ ಪರಿಮಳವಿರುವ ಮಾವಿನ ಶುಂಠಿ ಉಪ್ಪಿನಕಾಯಿಗೆ ಒಳ್ಳೆಯದು, ಹಿತ್ತಿಲಲ್ಲಿ ಸುಲಭವಾಗಿ ಬೆಳೆಯುತ್ತದೆ. ಕರ್ಪೂರದ ವಾಸನೆಯ ಕಸ್ತೂರಿ ಅರಿಶಿನ ಮೈಗೆ ಹಚ್ಚಲಿಕ್ಕೆ, ಸಾರಿಗಲ್ಲ.

ನೆಲದ ಗುಣ

ನಮ್ಮ ಸೀಮೆಯ ಕೆಂಪು ಮರಳುಮಿಶ್ರಿತ ಮಣ್ಣು ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದದ್ದು. ಹೊಗೆಸೊಪ್ಪು ಬೆಳೆದ ಹೊಲಗಳಲ್ಲಿ ಬೇರುಗಂಟು ಮಾಡುವ ಜಂತುಹುಳು ಸಾಮಾನ್ಯ. ಬಾಳೆ, ಶುಂಠಿ, ಅರಿಶಿನಗಳ ಬೇರನ್ನೂ ಅದು ಬಿಡುವುದಿಲ್ಲ. ಕಿತ್ತ ಗಿಡದ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಂಡರೆ ಆ ತುಂಡಿನಲ್ಲಿ ಒಂದು ಬೆಳೆ ಚೆಂಡುಹೂ ಬೆಳೆದು, ಗುಂಡಿಗೆ ಬೇವಿನ ಹಿಂಡಿ ಬೆರೆಸಿ, ಆಮೇಲೆ ನೆಡುವುದು ಲೇಸು. ಗುತ್ತಿಗೆಗೆ ಕೊಟ್ಟು ಶುಂಠಿ ಬೆಳೆಸಿದ ಹೊಲಗಳಲ್ಲಿ ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಸುರಿದಿರುವುದುಂಟು. ಮನೆಯವರು ತಿನ್ನುವ ಗಡ್ಡೆಯನ್ನು ಮರುವರ್ಷವೇ ಅಲ್ಲಿ ನೆಡದೆ ಹಿತ್ತಿಲಿನ ಮಣ್ಣನ್ನು ಆಶ್ರಯಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕಾಡಂಚಿನ ಊರಿನವರಿಗೆ ಇನ್ನೊಂದು ಕಷ್ಟವಿದೆ. ಬಾಳೆ ಎಂದರೆ ಆನೆಗೆ ಹಬ್ಬ. ಮನೆಗೆ ಅಂಟಿಕೊಂಡಂತೆ ಬಾಳೆ ಬೆಳೆಸಿದರೆ ಆನೆಯನ್ನು ಬಾಗಿಲಿಗೆ ಕರೆದಂತಾಗುತ್ತದೆ. ಹೀಗೆ ಬಂದ ಆನೆಯೆದುರು ಕತ್ತಲಲ್ಲಿ ಸಿಕ್ಕಿಬೀಳುವುದು ಒಂದು ಗೊನೆಗೆ ತೆರಬಾರದ ಬೆಲೆ. ಶುಂಠಿ, ಅರಿಶಿನಗಳ ಘಾಟು ಆನೆಗೆ ಒಗ್ಗುವುದಿಲ್ಲ. ಗಡ್ಡೆಗಳಿಗೆ ಕಾಡುಹಂದಿಯ ಕಾಟವುಂಟು, ಆದರೆ ಅದಕ್ಕೆ ಬೇಲಿಯಿಂದ ಪರಿಹಾರವಿದೆ. ತಳಿ, ಸಸಿ, ರೋಗಗಳ ವಿಷಯದಲ್ಲಿ ಸಂದೇಹ ಬಂದವರು ತಾಲೂಕಿನ ತೋಟಗಾರಿಕೆ ಇಲಾಖೆಯನ್ನೋ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸಬಹುದು. ಎಲೆ, ಹೂ, ಗಡ್ಡೆ ಮೂರನ್ನೂ ಜೊತೆಗೆ ಒಯ್ಯುವುದು ಮರೆಯಬಾರದು.

ಕೂವೆ

ಇಷ್ಟೆಲ್ಲ ನೋಡಿದ ಮೇಲೆ ಹಿತ್ತಿಲಿಗೆ ಒಂದೇ ಒಂದು ಬಂಧುವನ್ನು ಹೊಸದಾಗಿ ತರುವುದಾದರೆ ನಾವು ಹೆಸರಿಸುವುದು ಕೂವೆಗಡ್ಡೆಯನ್ನು. ಅರಾರೂಟು ಎಂದರೂ ಇದೇ. ಮೊಣಕಾಲಿನಿಂದ ಸೊಂಟದೆತ್ತರದ ಗಿಡ, ತುದಿ ಚೂಪಾದ ಎಲೆ, ಸಣ್ಣ ಬಿಳಿ ಹೂ. ಗಡ್ಡೆ ಬಿಳಿ, ನೀಳ, ಗೆಣ್ಣುಗೆಣ್ಣಿಗೂ ತೆಳು ಸಿಪ್ಪೆಯ ಹೊದಿಕೆ. ಮುರಿದರೆ ಅರಿಶಿನದ ಬಣ್ಣವಾಗಲಿ ಶುಂಠಿಯ ಘಾಟಾಗಲಿ ಇಲ್ಲ. ಇದು ಅಮೆರಿಕದಿಂದ ಬಂದದ್ದು. ನಮ್ಮ ಕಾಡಿನಲ್ಲಿ ಇದೇ ಹೆಸರಿನಿಂದ ಕರೆಯುವ, ಅರಿಶಿನದ ಕುಲಕ್ಕೆ ಸೇರಿದ ಇನ್ನೊಂದು ಗಿಡವಿದೆ. ಅದರಿಂದಲೂ ಹಿಟ್ಟು ತೆಗೆಯುತ್ತಾರೆ. ನೆಡಲು ಮೊದಲಿನದೇ ಅನುಕೂಲ.

ಮುಂಗಾರು ಹಿಡಿಯುವ ಹೊತ್ತಿಗೆ ಎರಡು ಮೂರು ಕಣ್ಣುಗಳಿರುವ ಗಡ್ಡೆಯ ತುದಿಗಳನ್ನು ಒಂದಡಿ ಅಂತರದಲ್ಲಿ ಎರಡು ಮೂರು ಅಂಗುಲ ಆಳಕ್ಕೆ ನೆಟ್ಟು, ಮೇಲೆ ಒಣ ಎಲೆ ಹೊದಿಸಬೇಕು. ತೆಂಗಿನ ಮರದ ಅರೆನೆರಳಿನಲ್ಲಿಯೂ ಬೆಳೆಯುತ್ತದೆ; ನೀರು ನಿಲ್ಲಬಾರದು. ಹತ್ತು ಹನ್ನೊಂದು ತಿಂಗಳಿಗೆ ಎಲೆ ಹಳದಿಯಾಗಿ ಬಾಗಿದಾಗ ಅಗೆಯುವುದು. ತಡಮಾಡಿದರೆ ಗಡ್ಡೆಯಲ್ಲಿ ನಾರು ಕೂಡುತ್ತದೆ.

ಹಿಟ್ಟು ತೆಗೆಯುವುದು ಕಷ್ಟವಲ್ಲ, ನೀರು ಮಾತ್ರ ಧಾರಾಳವಾಗಿರಬೇಕು. ಗಡ್ಡೆಯನ್ನು ತೊಳೆದು, ಹೊರಗಿನ ತೆಳು ಸಿಪ್ಪೆಯನ್ನು ಪೂರ್ತಿ ಸುಲಿಯಬೇಕು. ಸಿಪ್ಪೆ ಉಳಿದರೆ ಹಿಟ್ಟಿಗೆ ಕಹಿ ಬರುತ್ತದೆ. ತುರಿದು ಅಥವಾ ರುಬ್ಬಿ, ನೀರು ಬೆರೆಸಿ, ತೆಳುಬಟ್ಟೆಯಲ್ಲಿ ಹಿಂಡಿ, ಹಾಲಿನಂಥ ನೀರನ್ನು ಅಗಲವಾದ ಪಾತ್ರೆಯಲ್ಲಿ ಅಲುಗಾಡದಂತೆ ಇಡುವುದು. ತಳದಲ್ಲಿ ಹಿಟ್ಟು ಕೂತ ಮೇಲೆ ಮೇಲಿನ ನೀರನ್ನು ಬಸಿದು, ಹೊಸ ನೀರು ಹಾಕಿ ಕಲಕಿ, ಮತ್ತೆ ಕೂರಲು ಬಿಡಬೇಕು. ಮೇಲಿನ ನೀರು ತಿಳಿಯಾಗುವವರೆಗೆ, ಅಂದರೆ ಮೂರು ನಾಲ್ಕು ಬಾರಿ, ಹೀಗೆ ಮಾಡಿ, ಕೊನೆಗೆ ಬಿಳಿಯ ಗಟ್ಟಿಯನ್ನು ಬಟ್ಟೆಯ ಮೇಲೆ ಹರಡಿ ಬಿಸಿಲಿನಲ್ಲಿ ಒಣಗಿಸುವುದು. ಗಡ್ಡೆಯ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಪಿಷ್ಟವಿರುತ್ತದೆ. ಮನೆಯ ವಿಧಾನದಲ್ಲಿ ಅಷ್ಟೂ ಕೈಗೆ ಬಾರದು.

ಪೇಟೆಯ ಹಿಟ್ಟಿನಲ್ಲಿ ಬೆರಕೆ ಸಾಮಾನ್ಯ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕಾಯಿಸಿದರೆ ಕೂವೆ ತಿಳಿಗಾಜಿನಂತೆ ಆಗುತ್ತದೆ, ಮೆಕ್ಕ��ಜೋಳದ ಹಿಟ್ಟು ಮಬ್ಬಾಗಿಯೇ ಉಳಿಯುತ್ತದೆ. ಆದರೆ ಮರಗೆಣಸಿನ ಹಿಟ್ಟೂ ತಿಳಿಯಾಗುವುದರಿಂದ ಆ ಬೆರಕೆಯನ್ನು ಈ ಪರೀಕ್ಷೆ ಹಿಡಿಯಲಾರದು. ಮನೆಯಲ್ಲಿ ತೆಗೆದ ಹಿಟ್ಟಿಗೆ ಸಮನಾದುದಿಲ್ಲ ಎಂದು ನಾವು ಹೇಳುವುದು ಈ ಕಾರಣದಿಂದ.

ಭೇದಿಯಾದವರಿಗೆ, ಜ್ವರದಿಂದ ಎದ್ದವರಿಗೆ, ಹಲ್ಲಿಲ್ಲದ ವೃದ್ಧರಿಗೆ ಕೂವೆಯ ಗಂಜಿ ಸುಲಭವಾಗಿ ಜೀರ್ಣವಾಗುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ತಿಳಿಯಾಗುವವರೆಗೆ ಕಾಯಿಸಿ, ಚಿಟಿಕೆ ಉಪ್ಪು, ಬೇಕಾದರೆ ಮಜ್ಜಿಗೆ ಸೇರಿಸಬಹುದು. ಸಕ್ಕರೆ ಕಾಯಿಲೆಯವರು ನೆನಪಿಡಬೇಕು, ಇದು ಬರಿಯ ಪಿಷ್ಟ. ತಾಯಂದಿರಿಗೂ ಒಂದು ಮಾತು: ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಕೂವೆ ಗಂಜಿಯೂ ಬೇಡ. ಆಮೇಲೆ ಕೊಡುವಾಗಲೂ ಅದೊಂದನ್ನೇ ಕೊಟ್ಟರೆ ಮಗು ಮೈತುಂಬಿಕೊಂಡಂತೆ ಕಂಡರೂ ಬೆಳವಣಿಗೆ ಕುಂಠಿತವಾಗುತ್ತದೆ, ಏಕೆಂದರೆ ಅದರಲ್ಲಿ ಸಸಾರಜನಕ ಇಲ್ಲವೆಂಬಷ್ಟು ಕಡಿಮೆ. ಹೆಸರುಬೇಳೆಯ ಕಟ್ಟು, ರಾಗಿಯ ಸರಿ, ಹಾಲು ಜೊತೆಗಿರಲಿ.

ಚೆನ್ನಾಗಿ ಒಣಗಿದ ಹಿಟ್ಟು ಬಿಗಿಮುಚ್ಚಳದ ಡಬ್ಬಿಯಲ್ಲಿ ಮುಂದಿನ ಕೊಯ್ಲಿನವರೆಗೆ ಕೆಡದೆ ಇರುತ್ತದೆ. ಅಗೆಯುವ ದಿನವೇ ಕಣ್ಣಿರುವ ತುದಿಗಳನ್ನು ಬೇರೆಯಾಗಿ ತೆಗೆದು, ನೆರಳಿನಲ್ಲಿ ಒಣ ಮರಳಿನೊಳಗೆ ಹೂತಿಟ್ಟರೆ ಮುಂದಿನ ಮುಂಗಾರಿಗೆ ಬಿತ್ತನೆ ಸಿದ್ಧ. ನಾಲ್ಕು ತುದಿಗಳನ್ನು ನೆರೆಮನೆಯವರಿಗೂ ಕೊಡಬಹುದು.